ಮಗು ಕಚ್ಚಿದ ಮಾವಿನಹಣ್ಣು

ಕಿನ್ನಾಳ

ಪ್ರೀತಿಯ ಪುಟ್ಟಿಗೆ ಮಾಮಾನ ಆಶೀರ್ವಾದಗಳು.

ಮೊನ್ನೆ ನೀನು ಫೋನ್ ಮಾಡಿದಾಗ ಸರಿಯಾಗಿ ಮಾತಾಡಲು ಆಗಲಿಲ್ಲ. ಗೊಂಬೆಗೆ ಮೆತ್ತಲು ಹುಣಸೆ ಬೀಜದ ಅಂಟಿನಲ್ಲಿ ಕಿಟ್ಟ ಕಲಸುತ್ತಿದ್ದೆ, ಕೈಯೆಲ್ಲ ಅಂಟು. ಅದಕ್ಕೇ ಈ ಪತ್ರ. ಕೆಲಸ ಬಿಟ್ಟು ಊರಿಗೆ ಬಂದು ಗೊಂಬೆ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ ಅಂದೆಯಲ್ಲ, ಅವತ್ತು ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯ ಉಳಿ ಮುಂದಿನ ಕೈಗೆ ಹೋಗುತ್ತೋ ಇಲ್ಲವೋ ಎಂಬ ಚಿಂತೆ ಎಷ್ಟೋ ವರ್ಷದಿಂದ ಇತ್ತು.

ಆದರೆ ಫೋನ್ ಇಡುವ ಮುಂಚೆ ಒಂದು ಮಾತು ಹೇಳಿದೆ. 'ಮಾಮಾ, ನಮ್ಮಂಥವರಿಗೆ ಐಎಸ್‌ಐ ಮಾರ್ಕ್ ಬೇಕಿಲ್ಲವಂತೆ, ವಿನಾಯಿತಿ ಇದೆಯಂತೆ, ಇನ್ನೇನು ತಲೆನೋವಿಲ್ಲ' ಅಂತ. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ. ವಿನಾಯಿತಿ ಇರುವುದು ನಿಜ. ತಲೆನೋವಿಲ್ಲ ಅನ್ನುವುದು ನಿಜವಲ್ಲ.

ನೀನು ಹುಟ್ಟುವ ಮುಂಚಿನ ಒಂದು ಸಂಗತಿ ಹೇಳುತ್ತೇನೆ. ಇದನ್ನು ನಿಮ್ಮ ಅಮ್ಮನಿಗೂ ಹೇಳಿರಲಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಗೊಂಬೆ ಹರವಿಕೊಂಡು ಕೂತಿದ್ದೆ. ಆ ವರ್ಷ ಆಟಿಕೆಯ ಹಣ್ಣು ತರಕಾರಿ ಜಾಸ್ತಿ ಮಾಡಿದ್ದೆ. ಮಾವಿನಹಣ್ಣಂತೂ ತೊಟ್ಟಿನ ಹತ್ತಿರ ಸ್ವಲ್ಪ ಹಸಿರು, ಕೆನ್ನೆಗೆ ಕೆಂಪು, ಉಳಿದದ್ದೆಲ್ಲ ಹಳದಿ. ನೋಡಿದವರು ಮೂಸಿ ನೋಡುತ್ತಿದ್ದರು. ಒಬ್ಬ ತಾಯಿ ಒಂದು ಹಣ್ಣು ಕೊಂಡು ಕಂಕುಳಲ್ಲಿದ್ದ ಮಗುವಿನ ಕೈಗೆ ಕೊಟ್ಟು ಹೋದಳು. ಅರ್ಧ ಗಂಟೆಗೆ ವಾಪಸ್ ಬಂದಳು. ಮಗುವಿನ ತುಟಿ, ಗದ್ದ, ಜೊಲ್ಲು ಎಲ್ಲ ಹಳದಿ. ಹಣ್ಣಿನ ತುದಿಯಲ್ಲಿ ಹೊಸದಾಗಿ ಬಂದ ಎರಡು ಹಲ್ಲಿನ ಗುರುತು, ಅಲ್ಲಿ ಬಣ್ಣ ಎದ್ದು ಒಳಗಿನ ಕಿಟ್ಟ ಕಾಣುತ್ತಿತ್ತು. ಅವಳು ಬೈಯಲಿಲ್ಲ. ಹಣ್ಣನ್ನು ನನ್ನ ಮುಂದಿಟ್ಟು, 'ಇದು ಹೊಟ್ಟೆಗೆ ಹೋದರೆ ಏನಾಗುತ್ತೆ ಅಣ್ಣಾ?' ಅಂತ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಆ ಹಳದಿ ಪುಡಿಯನ್ನು ಒಂದು ಅಂಗಡಿಯಲ್ಲಿ ತೂಕ ಮಾಡಿ ಪೇಪರಿನಲ್ಲಿ ಕಟ್ಟಿಸಿಕೊಂಡು ತಂದಿದ್ದೆ. ಅದರ ಹೆಸರೂ ಗೊತ್ತಿಲ್ಲ, ಕಂಪನಿಯೂ ಗೊತ್ತಿಲ್ಲ. ದುಡ್ಡು ವಾಪಸ್ ಕೊಟ್ಟೆ. ಉಳಿದ ಹಣ್ಣುಗಳನ್ನೆಲ್ಲ ಗಂಟು ಕಟ್ಟಿದೆ. ಹಲ್ಲಿನ ಗುರುತಿದ್ದ ಆ ಒಂದು ಹಣ್ಣು ಇವತ್ತಿಗೂ ಅಟ್ಟದ ಮೇಲೆ ಡಬ್ಬಿಯಲ್ಲಿದೆ. ಬಂದಾಗ ತೋರಿಸುತ್ತೇನೆ.

ಆಮೇಲೆ ವರ್ಷಗಟ್ಟಲೆ ಕೇಳಿ ತಿಳಿದುಕೊಂಡೆ. ಆ ಕಾಲದಲ್ಲಿ ಗಾಢ ಹಳದಿಗೆ ಲೆಡ್ ಕ್ರೋಮೇಟ್ ಹಾಕುವುದು ಮಾಮೂಲಾಗಿತ್ತು. ಅಂದರೆ ಸೀಸ. ದೊಡ್ಡವರ ಮೈಗೆ ಹತ್ತುವುದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ ಸೀಸ ಚಿಕ್ಕ ಮಕ್ಕಳ ಮೈಗೆ ಹತ್ತುತ್ತದೆ. ಹೋಗಿ ಮೆದುಳಿಗೆ ತಟ್ಟುತ್ತದೆ. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಅದಕ್ಕಿಲ್ಲ. ಸ್ವಲ್ಪ ಸ್ವಲ್ಪವೇ ಹೋದರೆ ಬಹಳ ಸಲ ಹೊರಗೆ ಏನೂ ಕಾಣುವುದಿಲ್ಲ. ಮಗು ಶಾಲೆಯಲ್ಲಿ ಹಿಂದೆ ಬಿದ್ದಾಗ ಯಾರು ಗೊಂಬೆಯನ್ನು ನೆನೆಸಿಕೊಳ್ಳುತ್ತಾರೆ ಹೇಳು?

ಇನ್ನೊಂದು ಭ್ರಮೆ ನಮ್ಮವರಲ್ಲೇ ಇದೆ. 'ಹಳೆ ಕಾಲದ ಬಣ್ಣ, ಅಜ್ಜಂದಿರ ಬಣ್ಣ, ಕೆಮಿಕಲ್ ಇಲ್ಲ' ಅನ್ನುತ್ತಾರೆ. ನೀನು ಪುಟ್ಟ ಚೀಟಿಯಲ್ಲಿ ಹಾಗೆ ಬರೆಸಿ ಗೊಂಬೆಗೆ ಕಟ್ಟಬೇಕು ಅಂತ ಯೋಚನೆ ಮಾಡಿದ್ದೀಯ ಅಲ್ವಾ? ಸ್ವಲ್ಪ ತಡೆ. ಚಿತ್ರಗಾರರ ಹಳೆಯ ಬಣ್ಣಗಳಲ್ಲಿ ಇಂಗಳೀಕ ಇತ್ತು, ಅದು ಪಾದರಸದ ಅದಿರು. ಹರಿತಾಳ ಇತ್ತು, ಅದರಲ್ಲಿರುವುದು ಆರ್ಸೆನಿಕ್. ಸಿಂಧೂರ ಇತ್ತು, ಅದು ಸುಟ್ಟ ಸೀಸ. ಆಟಿಕೆ ಬಣ್ಣದಿಂದ ಮಿತಿ ಮೀರಿ ಹೊರಬರಬಾರದು ಅಂತ ಇವತ್ತು ಅಳೆಯುವ ಎಂಟು ವಿಷಗಳ ಪಟ್ಟಿ ಇದೆ. ಆಂಟಿಮನಿ, ಆರ್ಸೆನಿಕ್, ಬೇರಿಯಂ, ಕ್ಯಾಡ್ಮಿಯಂ, ಕ್ರೋಮಿಯಂ, ಸೀಸ, ಪಾದರಸ, ಸೆಲೆನಿಯಂ. ಹಿರಿಯರ ಡಬ್ಬಿಯ ಮೂರು ಬಣ್ಣ ಆ ಪಟ್ಟಿಯಲ್ಲಿವೆ. ಅವರು ಆ ಬಣ್ಣಗಳನ್ನು ಬಳಿದದ್ದು ಗುಡಿಯ ಗೋಡೆಗೆ, ಉತ್ಸವದ ಮೂರ್ತಿಗೆ. ದೇವರ ಮೂರ್ತಿಯನ್ನು ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಆಟಿಕೆಯ ಮಾತೇ ಬೇರೆ.

ಈಗ ಕಾನೂನಿನ ವಿಷಯ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಬಿದ್ದದ್ದು 2020ರ ಫೆಬ್ರುವರಿಯಲ್ಲಿ, ಜಾರಿಗೆ ಬಂದದ್ದು 2021ರ ಜನವರಿ 1ರಿಂದ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡುವ ಯಾವುದೇ ಆಟಿಕೆಗೆ ಐಎಸ್‌ಐ ಗುರುತು ಬೇಕು ಅಂತಾಯಿತು. ಆಗ ನಮ್ಮ ಓಣಿಯಲ್ಲಿ ಎಲ್ಲರಿಗೂ ಎದೆ ಒಡೆದಿತ್ತು. ಯಾಕೆ ಅಂತ ನಿನಗೆ ಗೊತ್ತಿರಬೇಕು. ಕಾರ್ಖಾನೆಯವರು ಒಂದು ಅಚ್ಚಿನಲ್ಲಿ ಹತ್ತು ಸಾವಿರ ಗೊಂಬೆ ತೆಗೆಯುತ್ತಾರೆ. ಒಂದು ಪರೀಕ್ಷೆಯ ಖರ್ಚು ಹತ್ತು ಸಾವಿರದ ಮೇಲೆ ಹರಡಿ ಹೋಗುತ್ತದೆ. ನಾನು ಒಂದು ಆನೆ ಮಾಡಿದರೆ ಇನ್ನೊಂದು ಆನೆ ಅದರ ಹಾಗೆ ಇರುವುದಿಲ್ಲ. ಪೊಲ್ಕಿ ಮರ ಕೆತ್ತಬೇಕು, ಕಿಟ್ಟ ಹಚ್ಚಬೇಕು, ಒಣಗಬೇಕು, ಉಜ್ಜಬೇಕು, ಆಮೇಲೆ ಬಣ್ಣ. ಮನೆಯ ಜಗುಲಿಯಲ್ಲಿ ಕೂತು ಇಷ್ಟು ಮಾಡುವವನು ಪರೀಕ್ಷೆಯ ಲ್ಯಾಬ್ ಎಲ್ಲಿಂದ ತರಬೇಕು? ಆ ಸಂಕಟ ಸುಳ್ಳಲ್ಲ. ಈಗಲೂ ನನಗೆ ಅದರ ಬಗ್ಗೆ ಸಿಟ್ಟಿದೆ. ಕಾನೂನು ಬರೆಯುವಾಗ ಜಗುಲಿಯವರನ್ನು ಮೊದಲೇ ನೆನೆಸಿಕೊಳ್ಳಬೇಕಿತ್ತು.

ನೆನಪಾದದ್ದು ತಡವಾಗಿ, 2020ರ ಡಿಸೆಂಬರ್‌ನಲ್ಲಿ. ಇಬ್ಬರಿಗೆ ವಿನಾಯಿತಿ ಕೊಟ್ಟರು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಣಿ ಆದ ಕುಶಲಕರ್ಮಿ ತಾನೇ ಮಾಡಿ ತಾನೇ ಮಾರುವ ವಸ್ತುವಿಗೆ ಒಂದು. ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಇರುವ ವಸ್ತುವಿನ ನೋಂದಾಯಿತ ಮಾಲೀಕರು ಮತ್ತು ಅಧಿಕೃತ ಬಳಕೆದಾರರಿಗೆ ಇನ್ನೊಂದು. ನಮ್ಮ ಕಿನ್ನಾಳ ಗೊಂಬೆಗೆ ಜಿಐ ಇದೆ. ಆದರೆ ಊರಿಗೆ ಟ್ಯಾಗ್ ಇದ್ದ ಮಾತ್ರಕ್ಕೆ ನಿನಗೆ ಇದ್ದ ಹಾಗಲ್ಲ. ನೀನು ಅಧಿಕೃತ ಬಳಕೆದಾರಳು ಅಂತ ನಿನ್ನ ಹೆಸರು ನೋಂದಣಿ ಆಗಬೇಕು. ಇಲ್ಲವೇ ಆಯುಕ್ತರ ಕಚೇರಿಯ ಪೆಹಚಾನ್ ಕಾರ್ಡ್ ನಿನ್ನ ಹೆಸರಲ್ಲಿ ಇರಬೇಕು. ನನ್ನ ಕಾರ್ಡ್ ತೋರಿಸಿ ನೀನು ಮಾರುವ ಹಾಗಿಲ್ಲ.

'ಮಾಡಿ ಮಾರುವ' ಅನ್ನುವ ಮಾತನ್ನು ಎರಡು ಸಲ ಓದು. ನಾಳೆ ನಿನ್ನ ವ್ಯಾಪಾರ ಬೆಳೆಯುತ್ತದೆ. ನಾಲ್ಕು ಮನೆಯವರಿಂದ ಗೊಂಬೆ ಕೊಂಡು ನಿನ್ನ ಹೆಸರಿನ ಡಬ್ಬಿಯಲ್ಲಿ ಹಾಕಿ ಮಾರುತ್ತೀಯ. ಆಗ ನೀನು ಕುಶಲಕರ್ಮಿ ಮಾತ್ರ ಅಲ್ಲ, ವ್ಯಾಪಾರಿಯೂ ಆಗುತ್ತೀಯ. ಆ ಹೆಜ್ಜೆ ಇಡುವ ಮುಂಚೆ ಐಎಸ್‌ಐ ಗುರುತು ಕೊಡುವ ಬಿಐಎಸ್ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ಉತ್ತರ ತಗೋ. ಬಾಯಿಮಾತಿನ 'ನಡೆಯುತ್ತೆ ಬಿಡಮ್ಮ' ನಂಬಬೇಡ. ಇನ್ನು ಕೆಲವರು ಆಟದ ಬಂಡಿಗೆ 'ಅಲಂಕಾರಕ್ಕೆ ಮಾತ್ರ' ಅಂತ ಚೀಟಿ ಹಚ್ಚಿ ಮಾರುತ್ತಾರೆ. ಚಕ್ರ ಇದೆ, ದಾರ ಇದೆ, ಮಗು ಎಳೆದುಕೊಂಡು ಹೋಗುತ್ತದೆ. ಅದು ಆಟಿಕೆಯೇ. ಆ ದಾರಿ ಹಿಡಿಯಬೇಡ.

ದೂರದ ಅಮೆರಿಕದಲ್ಲೂ ಇದೇ ಕಥೆ ನಡೆದಿದೆ. 2007ರಲ್ಲಿ ಚೀನಾದಿಂದ ಹೋದ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿ ಲಕ್ಷಗಟ್ಟಲೆ ವಾಪಸ್ ತರಿಸಿದರು. 2008ರಲ್ಲಿ ಬಿಗಿ ಕಾನೂನು ಬಂತು. ತಪ್ಪು ಮಾಡಿದ್ದು ದೊಡ್ಡ ಕಂಪನಿಗಳು, ಪರೀಕ್ಷೆಯ ಖರ್ಚು ಬಿದ್ದದ್ದು ಮನೆಯಲ್ಲಿ ಮರದ ಆಟಿಕೆ ಮಾಡುವವರ ಮೇಲೂ. ಅವರು ಸೇರಿ ಕೂಗಿದರು, 2011ರಲ್ಲಿ ಸಣ್ಣವರಿಗೆ ಸಡಿಲಿಕೆ ಸಿಕ್ಕಿತು. ಆದರೆ ಪುಟ್ಟಿ, ಅಲ್ಲೂ ಎರಡು ವಿಷಯಕ್ಕೆ ಸಡಿಲಿಕೆ ಕೊಡಲಿಲ್ಲ. ಬಣ್ಣದಲ್ಲಿನ ಸೀಸ, ಗಂಟಲಿಗೆ ಸಿಕ್ಕುವ ಸಣ್ಣ ಚೂರು. ಇವೆರಡಕ್ಕೆ ಎಷ್ಟೇ ಸಣ್ಣವನಾದರೂ ಹೊರಗಿನ ಲ್ಯಾಬಿನ ಪರೀಕ್ಷೆ ಬೇಕೇ ಬೇಕು. ಅದು ನ್ಯಾಯ ಅಂತ ನನಗೆ ಅನಿಸುತ್ತದೆ. ನಮ್ಮಲ್ಲಿ ವಿನಾಯಿತಿ ಇರುವವರನ್ನು ಇವೆರಡರ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ನಾವೇ ಕೇಳಿಕೊಳ್ಳಬೇಕು.

ಹೇಗೆ ಅಂದರೆ, ಗೊಂಬೆ ಗೊಂಬೆಗೂ ಪರೀಕ್ಷೆ ಬೇಡ, ಬಣ್ಣಕ್ಕೆ ಪರೀಕ್ಷೆ ಮಾಡಿಸು. ಐದಾರು ಮನೆಯವರು ಸೇರಿ ವರ್ಷಕ್ಕೆ ಬೇಕಾಗುವ ಬಣ್ಣವನ್ನು ಒಂದೇ ಲಾಟ್‌ನಲ್ಲಿ ತರೋಣ. ಅದರಲ್ಲಿ ಒಂದೊಂದು ಬಣ್ಣದ ಮಾದರಿಯನ್ನು ಲ್ಯಾಬುಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬಿಗೆ ಕಳಿಸೋಣ. ಖರ್ಚು ಹಂಚಿಕೊಂಡರೆ ಭಾರ ಆಗುವುದಿಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು ಅಂತ 2017ರ ನವೆಂಬರ್‌ನಿಂದ ನಿಯಮ ಇದೆ. ಹಾಗಾಗಿ ಡಬ್ಬಿಯ ಮೇಲೆ ಅದನ್ನು ಬರೆದಿರುವುದನ್ನೇ ತಗೋ. ಗಾಡಿಗೆ, ಗೇಟಿಗೆ, ಮೆಷಿನ್ನಿಗೆ ಬಳಿಯುವ ಎನಾಮೆಲ್ ಎಷ್ಟೇ ಮಿಂಚಲಿ, ಬೇಡ. ಬಿಡಿ ಪುಡಿ ಅಂತೂ ಮನೆಯೊಳಗೇ ತರಬೇಡ. ಉಜ್ಜುವಾಗ ಏಳುವ ಧೂಳು ಮೊದಲು ಹೋಗುವುದು ನಿನ್ನ ಮೂಗಿಗೆ.

ಒಂದು ನೋಟ್‌ಬುಕ್ ಇಡು. ಡಬ್ಬಿಯ ಬ್ಯಾಚ್ ನಂಬರ್, ತಂದ ದಿನ, ಆ ಡಬ್ಬಿಯಿಂದ ಯಾವ ಗೊಂಬೆ ಆಯಿತು, ಯಾರಿಗೆ ಹೋಯಿತು. ದಿನಕ್ಕೆ ಎರಡು ಸಾಲು ಸಾಕು. ಆ ಜಾತ್ರೆಯಲ್ಲಿ ನನ್ನ ಹತ್ತಿರ ಆ ಎರಡು ಸಾಲು ಇದ್ದಿದ್ದರೆ, ಅವತ್ತು ಅದೇ ಹಳದಿ ಹಚ್ಚಿದ ಹಣ್ಣು ಇನ್ನೆಷ್ಟು ಮನೆಗೆ ಹೋಗಿದೆ ಅಂತ ಹುಡುಕಬಹುದಿತ್ತು.

ಜರ್ಮನಿಯಿಂದ ಯಾರೋ ಗೊಂಬೆ ಕೇಳಿದ್ದಾರೆ ಅಂದೆ. ನಮ್ಮ ವಿನಾಯಿತಿ ನಮ್ಮ ದೇಶದೊಳಗೆ ಮಾತ್ರ. ಯುರೋಪಿಗೆ ಹೋಗುವ ಆಟಿಕೆಗೆ ಅಲ್ಲಿನ ಸುರಕ್ಷತಾ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಸಿಇ ಗುರುತು ಬೇಕು. 2024ರ ಡಿಸೆಂಬರ್ 13ರಿಂದ ಜಾರಿಗೆ ಬಂದ ಅವರ ಹೊಸ ಸುರಕ್ಷತಾ ನಿಯಮದ ಪ್ರಕಾರ, ಬೇರೆ ಸಾಮಾನಿಗೂ ಅಲ್ಲಿಯದೇ ಒಬ್ಬ ಹೊಣೆಗಾರನ ಹೆಸರು ವಿಳಾಸ ಬೇಕು. ಮೊದಲ ವರ್ಷ ಅದರ ಗೊಡವೆ ಬೇಡ. ಇಲ್ಲೇ ಮಾರಿ ಕಾಲೂರು.

ನಮ್ಮ ಜಿಲ್ಲೆಯ ಭಾನಾಪುರದಲ್ಲೇ ಆಟಿಕೆ ಕಾರ್ಖಾನೆಗಳ ಕ್ಲಸ್ಟರ್ ಆಗಿದೆ, ದೊಡ್ಡವರೆಲ್ಲ ಅಲ್ಲಿದ್ದಾರೆ, ನಾವೇನು ಅಂತ ನಿಮ್ಮ ಅಮ್ಮ ಹೆದರುತ್ತಾಳೆ. ಅವರಿಗೆ ಲ್ಯಾಬ್ ಇರುತ್ತದೆ, ಗುರುತು ಇರುತ್ತದೆ. ನಮ್ಮ ಗೊಂಬೆ ಕೊಳ್ಳುವ ತಾಯಿಗೆ ಗುರುತು ಕಾಣುವುದಿಲ್ಲ, ನಿನ್ನ ಮುಖ ಮಾತ್ರ ಕಾಣುತ್ತದೆ. ಅವಳು ಕೇಳಿದರೆ ನಿನ್ನ ಹತ್ತಿರ ಉತ್ತರ ಇರಬೇಕು. ನನಗೆ ಇರಲಿಲ್ಲ.

ಈ ಪತ್ರದ ಜೊತೆ ಒಂದು ಮರದ ತುಂಡು ಕಳಿಸುತ್ತಿದ್ದೇನೆ. ನಡುವೆ 32 ಮಿಲಿಮೀಟರ್ ಅಗಲದ ತೂತು ಕೊರೆದಿದ್ದೇನೆ. ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕುವ ಚೂರನ್ನು ಅಳೆಯುವ ಕೊಳವೆ ಹೆಚ್ಚುಕಡಿಮೆ ಅಷ್ಟೇ ಅಗಲ. ಗೊಂಬೆಯ ಕಣ್ಣಿನ ಮಣಿ, ಬಂಡಿಯ ಚಕ್ರ, ಗಿಣಿಯ ಕೊಕ್ಕು, ಬಿಚ್ಚಿ ಬರಬಹುದಾದದ್ದನ್ನೆಲ್ಲ ಜೋರಾಗಿ ಎಳೆದು ನೋಡು. ಕಿತ್ತು ಬಂದು ಈ ತೂತಿನಲ್ಲಿ ಇಳಿದರೆ ಆ ಗೊಂಬೆ ಮೂರು ವರ್ಷದೊಳಗಿನ ಮಗುವಿಗೆ ಬೇಡ. ಮಣಿಯ ಬದಲು ಕಣ್ಣನ್ನು ಕುಂಚದಲ್ಲೇ ಬರೆ. ನಿನ್ನ ಕೈ ಅದಕ್ಕೆ ಚೆನ್ನಾಗಿದೆ.

ಬರುವಾಗ ಆಧಾರ್ ಮತ್ತು ಎರಡು ಫೋಟೊ ತಗೊಂಡು ಬಾ, ಕಾರ್ಡಿಗೆ ಅರ್ಜಿ ಹಾಕೋಣ. ಬೆಂಗಳೂರಿನಿಂದ ಬಣ್ಣ ತರಬೇಡ. ಹುಣಸೆ ಬೀಜ ನೆನೆಹಾಕಿದ್ದೇನೆ, ನೀನು ಬಂದ ಮೇಲೆ ರುಬ್ಬೋಣ.

ನಿನ್ನ ಮಾಮಾ