ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ನಮ್ಮ ಮಣ್ಣಿನ ಕೋಣೆಗೆ ಪತ್ರಾಸು ಹಾಕಬೇಕಿದೆ

ಆತ್ಮೀಯ ಬಂಧುಗಳೇ, ನಮಸ್ಕಾರ.

ಈ ಪತ್ರ ಬರೆಯುವ ಹೊತ್ತಿಗೆ, ಮಕ್ಕಳು ಮೂರ್ತಿ ಮಾಡಲು ಕಲಿಯುವ ನಮ್ಮ ಮಣ್ಣಿನ ಕೋಣೆಯ ಮೇಲೆ ಅರ್ಧ ಪತ್ರಾಸು (ತಗಡಿನ ಹಾಳೆ), ಅರ್ಧ ನೀಲಿ ತಾಡಪಾಲು ಇದೆ. ಕಳೆದ ವಾರದ ಗಾಳಿ ಮಳೆಯ ಸುದ್ದಿ ನಿಮ್ಮಲ್ಲಿ ಹಲವರಿಗೆ ವಾಟ್ಸಾಪ್‌ನಲ್ಲಿ ಮುಟ್ಟಿದೆ. ಸಂಜೆ ಐದರ ಸುಮಾರಿಗೆ ಬೀಸಿದ ಗಾಳಿಗೆ ಒಂಬತ್ತು ಪತ್ರಾಸು ಕಿತ್ತು ಹೋದವು. ಎರಡು ಪಕ್ಕದ ಹೊಲದ ಬದುವಿನ ಮೇಲೆ ಸಿಕ್ಕವು, ಒಂದು ಬೇವಿನ ಮರದಲ್ಲಿ ನೇತಾಡುತ್ತಿತ್ತು. ಬೇಸಿಗೆ ಶಿಬಿರದ ಮಕ್ಕಳು ಆಗಲೇ ಮನೆ ಸೇರಿದ್ದರು. ಅದೊಂದು ಪುಣ್ಯ.

ಆದರೆ ಹಲಗೆಯ ಮೇಲೆ ಒಣಗಲು ಇಟ್ಟಿದ್ದ ಅರವತ್ತಕ್ಕೂ ಹೆಚ್ಚು ಮೂರ್ತಿಗಳು ಉಳಿಯಲಿಲ್ಲ. ಸುಡದ ಮಣ್ಣು ನೀರು ಕಂಡರೆ ಮತ್ತೆ ಕೆಸರೇ, ಅಲ್ವಾ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಎತ್ತು, ಆನೆ, ಗಣಪತಿ, ಒಬ್ಬ ಹುಡುಗನ ಟ್ರ್ಯಾಕ್ಟರ್ ಎಲ್ಲ ಒಂದೇ ಮುದ್ದೆಯಾಗಿ ಕುಳಿತಿದ್ದವು. ಆ ಭಾನುವಾರ ಪ್ರದರ್ಶನ ಇತ್ತು. ತಂದೆ ತಾಯಿಗಳನ್ನು ಕರೆದಾಗಿತ್ತು.

ಮೂರನೇ ತರಗತಿಯ ಒಬ್ಬ ಹುಡುಗಿ ತನ್ನ ಆಕಳನ್ನು ಹುಡುಕುತ್ತಾ ಬಂದಳು. ಹಲಗೆಯಿಂದ ಒಂದು ಮುದ್ದೆಯನ್ನು ಮೆಲ್ಲಗೆ ಎಬ್ಬಿಸಿ ತಿರುಗಿಸಿ ನೋಡಿದಳು. ಮೇಲೆಲ್ಲ ಕರಗಿತ್ತು. ಆದರೆ ಹಲಗೆಗೆ ಅಂಟಿದ್ದ ತಳ ಇನ್ನೂ ಗಟ್ಟಿಯಾಗಿತ್ತು, ಮೊಳೆಯಿಂದ ಅವಳು ಗೀರಿದ್ದ ಹೆಸರು ಹಾಗೇ ಇತ್ತು. "ಇದು ನಂದೈತ್ರಿ" ಅಂದಳು. ಅತ್ತಿದ್ದು ನಾವು, ಅವಳಲ್ಲ.

ತಪ್ಪು ನಮ್ಮದೇ, ಮುಚ್ಚಿಡುವುದಿಲ್ಲ. ಆ ಪತ್ರಾಸುಗಳನ್ನು ಹಾಕಿದಾಗಲೇ ಅವು ಹಳೆಯವು. ಕೊಕ್ಕೆಗಳಿಗೆ ತುಕ್ಕು ಹಿಡಿದು ಎರಡು ವರ್ಷವಾಗಿತ್ತು. "ಈ ಬೇಸಿಗೆ ದಾಟಲಿ" ಎನ್ನುತ್ತಾ ಎರಡು ಬೇಸಿಗೆ ದಾಟಿಸಿದೆವು. ಇದ್ದ ದುಡ್ಡನ್ನು ಮಣ್ಣಿಗೆ, ಕಟ್ಟಿಗೆಗೆ, ಮಕ್ಕಳನ್ನು ಕರೆದೊಯ್ಯುವ ಟೆಂಪೋಗೆ ಖರ್ಚು ಮಾಡಿದೆವು.

ಮೂರ್ತಿ ಕಲಿಸುವ ಈ ನಮ್ಮ ಶಾಲೆ ಹೇಗೆ ಶುರುವಾಯಿತು ಅಂತ ನಿಮಗೆ ಮತ್ತೆ ಹೇಳಬೇಕಾಗಿಲ್ಲ. ಆ ಬೇವಿನ ಮರ, ಮೊದಲ ಹನ್ನೊಂದು ಮಕ್ಕಳು, ಹಿರಿಯರು ಬಿಟ್ಟುಕೊಟ್ಟ ಮೂರು ಗುಂಟೆ, ಎಲ್ಲ ನಿಮ್ಮ ಕಣ್ಣೆದುರಿಗೇ ಆದದ್ದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದಾಗ ನಮ್ಮ ಅಂಗಳಕ್ಕೂ ಬಂದಿದ್ದಳು. ಆಗಲೂ ನೀವೇ ಕೈ ಹಿಡಿದಿರಿ.

ಹೊಸದಾಗಿ ಈ ಪತ್ರ ಓದುವವರಿಗಾಗಿ ಒಂದು ಮಾತು. ಇದು ಮೂರ್ತಿ ಮಾರುವ ಕಾರ್ಖಾನೆ ಅಲ್ಲ. ಐದರಿಂದ ಹದಿನಾಲ್ಕು ವರ್ಷದ ಮಕ್ಕಳು ಶಾಲೆ ಬಿಟ್ಟ ಮೇಲೆ, ಭಾನುವಾರ ಬೆಳಿಗ್ಗೆ ಇಲ್ಲಿಗೆ ಬರುತ್ತಾರೆ. ಫೀ ಇಲ್ಲ. ಸಣ್ಣವರಿಗೆ ಮೊದಲು ಕಲಿಸುವುದು ಮೂರೇ ಆಕಾರ: ಉಂಡೆ, ಬತ್ತಿ, ರೊಟ್ಟಿ. ನಮ್ಮ ಕುಂಬಾರ ಅಜ್ಜ ಹೇಳುವ ಹಾಗೆ ಈ ಮೂರು ಬಂದರೆ ಎತ್ತು ಬಂದ ಹಾಗೆ. ದಪ್ಪ ಬತ್ತಿ ಮೈ, ನಾಲ್ಕು ಸಣ್ಣ ಬತ್ತಿ ಕಾಲು, ಉಂಡೆ ಒತ್ತಿದರೆ ಡುಬ್ಬ, ರೊಟ್ಟಿ ಹರಿದು ಅಂಟಿಸಿದರೆ ಕಿವಿ. ಕೋಡು ಮಾತ್ರ ಎಲ್ಲರದ್ದೂ ಮುರಿಯುತ್ತದೆ. ಸುಮ್ನೆ ಒತ್ತಿದರೆ ಅಂಟುವುದಿಲ್ಲ. ಎರಡೂ ಕಡೆ ಗೀರಿ, ತೆಳ್ಳಗೆ ಕಲಸಿದ ಕೆಸರು ಹಚ್ಚಿ, ಆಮೇಲೆ ಕೂಡಿಸಬೇಕು. ಇದನ್ನು ಒಬ್ಬ ಮಗುವಿಗೆ ಹೇಳಿ ಕಲಿಸಲು ಆಗುವುದಿಲ್ಲ. ನಾಲ್ಕು ಕೋಡು ಮುರಿದ ಮೇಲೆ ತಾನೇ ಬಂದು ಕೇಳುತ್ತದೆ.

ದೊಡ್ಡ ಮೂರ್ತಿಯಾದರೆ ಒಳಗೆ ಟೊಳ್ಳು ಮಾಡಬೇಕು. ಹೆಬ್ಬೆರಳಿಗಿಂತ ದಪ್ಪ ಉಳಿದರೆ ಒಳಗಿನ ತೇವ ಆವಿಯಾಗಿ, ಮೂರ್ತಿ ಸುಡುವ ಆವಿಗೆಯಲ್ಲೇ ಸಿಡಿಯುತ್ತದೆ, ಪಕ್ಕದ ನಾಲ್ಕನ್ನೂ ಕೆಡಿಸುತ್ತದೆ. ಬಿಸಿಲಿಗೆ ಇಟ್ಟರೆ ಹೊರಗೆ ಬೇಗ ಒಣಗಿ ಬಿರುಕು ಬಿಡುತ್ತದೆ. ಅದಕ್ಕೇ ನೆರಳಲ್ಲಿ, ಗಾಳಿ ಆಡುವ ಜಾಗದಲ್ಲಿ, ಎಂಟು ಹತ್ತು ದಿನ ನಿಧಾನವಾಗಿ ಒಣಗಬೇಕು. ಸೂರು ಯಾಕೆ ಬೇಕು ಅಂತ ಕೇಳುವವರಿಗೆ ಇದೇ ಉತ್ತರ. ನಮಗೆ ಕೂರಲು ಬೇವಿನ ನೆರಳು ಸಾಕು. ಮೂರ್ತಿಗೆ ಸಾಲದು.

ಕಲ್ಲನ್ನು ಹನ್ನೆರಡು ದಾಟಿದವರಿಗೆ ಮಾತ್ರ ಕೊಡುತ್ತೇವೆ, ಅದೂ ಮೆತ್ತನೆಯ ಬಳಪದ ಕಲ್ಲು. ನೀರು ಚಿಮುಕಿಸಿ, ಮುಖಕ್ಕೆ ಬಟ್ಟೆ ಕಟ್ಟಿಸಿ ಕೆತ್ತಿಸುತ್ತೇವೆ. ನಮ್ಮ ಊರ ಕೆಂಪು ಮರಳುಗಲ್ಲಿನ ಧೂಳು ಎದೆಗೆ ಒಳ್ಳೆಯದಲ್ಲ. ಬೇಲೂರು ಹಳೇಬೀಡಿನ ನಯ ನೋಡಿ ಬಂದು "ನಿಮ್ಮ ಬಾದಾಮಿಯದು ಒರಟು ಬಿಡ್ರಿ" ಅನ್ನುವವರು ಇದ್ದಾರೆ. ಅಲ್ಲಿಯದು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವ ಕಲ್ಲು. ನಮ್ಮದು ಕಾಳು ಕಾಳಾಗಿ ಉದುರುವ ಕಲ್ಲು. ಇದರಲ್ಲಿ ಹದಿನೆಂಟು ಕೈಯ ನಟರಾಜನನ್ನು ನಿಲ್ಲಿಸಿದವರ ಕೈಯನ್ನು ಏನೆನ್ನಬೇಕು? ಕೆತ್ತಿ ನೋಡಿದ ಹುಡುಗರು ಈ ಮಾತು ಆಡುವುದಿಲ್ಲ.

ಪಟ್ಟದಕಲ್ಲು, ಐಹೊಳೆ, ಬಾದಾಮಿ ಗುಹೆಗಳಿಗೆ ಮಕ್ಕಳನ್ನು ವರ್ಷಕ್ಕೆ ಆರು ಸಲವಾದರೂ ಕರೆದೊಯ್ಯುತ್ತೇವೆ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಖರ್ಚೆಲ್ಲ ಗಾಡಿಯದೇ. ಅಲ್ಲಿ ಭಾಷಣ ಮಾಡುವುದಿಲ್ಲ. ಬಾದಾಮಿಯ ಒಂದನೇ ಗುಹೆಯಲ್ಲಿ ನಟರಾಜನ ಕೈ ಎಣಿಸಿ ಅನ್ನುತ್ತೇವೆ, ಅಷ್ಟೇ. ಹದಿನಾರು ಅನ್ನುತ್ತಾರೆ, ಹದಿನೇಳು ಅನ್ನುತ್ತಾರೆ, ಜಗಳ ಆಡುತ್ತಾರೆ, ಮತ್ತೆ ಎಣಿಸುತ್ತಾರೆ. ಅದೇ ಗುಹೆಯ ದ್ವಾರಪಾಲಕನ ಕೆಳಗೆ ಆನೆ ಮತ್ತು ಎತ್ತು ಒಂದೇ ತಲೆಯಲ್ಲಿ ಕೂಡಿದ ಶಿಲ್ಪ ಇದೆ. ಒಂದು ಕಡೆಯ ಮೈಯನ್ನು ಅಂಗೈಯಿಂದ ಮರೆ ಮಾಡಿದರೆ ಆನೆ, ಇನ್ನೊಂದು ಕಡೆ ಮರೆ ಮಾಡಿದರೆ ಎತ್ತು. ದೂರ ನಿಂತೇ ಮರೆ ಮಾಡಬೇಕು, ಮುಟ್ಟುವ ಹಾಗಿಲ್ಲ. ವಾಪಸ್ ಬಂದ ಮೇಲೆ ಒಂದು ವಾರ ಎಲ್ಲರೂ ಅದನ್ನೇ ಮಾಡುತ್ತಾರೆ. ಒಬ್ಬ ನಾಯಿ ಮತ್ತು ಮೇಕೆ ಕೂಡಿಸಿದ. ಯಾವ ಕಡೆ ಮರೆ ಮಾಡಿದರೂ ಮೇಕೆಯೇ ಕಾಣುತ್ತಿತ್ತು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಲೋಕಮಹಾದೇವಿ, ಇಮ್ಮಡಿ ವಿಕ್ರಮಾದಿತ್ಯನ ರಾಣಿ. ಗಂಡ ಕಂಚಿಯನ್ನು ಗೆದ್ದ ನೆನಪಿಗೆ ಕಟ್ಟಿಸಿದ್ದು. ಇಷ್ಟು ಎಲ್ಲ ಗೈಡುಗಳೂ ಹೇಳುತ್ತಾರೆ. ನಾವು ಮಕ್ಕಳಿಗೆ ಜಾಸ್ತಿ ಹೇಳುವುದು ಗುಂಡ ಅನಿವಾರಿತಾಚಾರಿಯ ಬಗ್ಗೆ. ಗುಡಿಯನ್ನು ರೂಪಿಸಿದ ಸೂತ್ರಧಾರಿ ಆತ. ಆತನ ಹೆಸರು, ಆತನಿಗೆ ಸಿಕ್ಕ ಬಿರುದು ಅಲ್ಲೇ ಶಾಸನದಲ್ಲಿ ಇದೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷವಾದರೂ ಓದಬಹುದು. ನಮ್ಮ ಮಕ್ಕಳು ಮೂರ್ತಿಯ ತಳಕ್ಕೆ ಹೆಸರು ಗೀರುವ ಪದ್ಧತಿ ಅಲ್ಲಿಂದ ಬಂದದ್ದು.

ಇನ್ನೊಂದು ಥರದ ಹೆಸರು ಬರೆಯುವವರೂ ಇದ್ದಾರೆ. ಗುಡಿ ಗೋಡೆಗೆ ಸುಣ್ಣದಲ್ಲಿ, ಕಲ್ಲಿನ ಚೂರಿನಲ್ಲಿ, ಹುಡುಗ ಹುಡುಗಿಯ ಹೆಸರು. ಒಂದು ಮೂಗು ಮಾಡಲು ಮೂರು ದಿನ ಒದ್ದಾಡಿದ ಮಗು ದೊಡ್ಡವನಾದ ಮೇಲೆ ಹಾಗೆ ಗೀಚುವುದಿಲ್ಲ. ಕಳೆದ ವರ್ಷ ನಮ್ಮ ಐದನೇ ತರಗತಿಯ ಹುಡುಗನೊಬ್ಬ ಗೋಡೆ ಗೀರುತ್ತಿದ್ದ ಪ್ರವಾಸಿಯ ಮುಂದೆ ಹೋಗಿ ನಿಂತು "ಅಣ್ಣಾ, ನೀವು ಮಾಡಿದ್ದೇನ್ರಿ ಇದು, ಹೆಸರು ಬರಿಯಾಕ?" ಅಂತ ಕೇಳಿದ. ಆ ಮನುಷ್ಯ ಏನೂ ಹೇಳದೆ ಕಲ್ಲು ಕೆಳಗೆ ಹಾಕಿದ.

ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಅಜ್ಜಿಯ ಹತ್ತಿರ ಬೆಳೆಯುತ್ತಿರುವವರು. ಅಪ್ಪ ಅವ್ವ ಗೋವಾ, ಮಂಗಳೂರು ಕಡೆ ದುಡಿಯಲು ಗುಳೆ ಹೋಗಿರುತ್ತಾರೆ, ಜಾತ್ರೆಗೆ ಬರುತ್ತಾರೆ. ಒಬ್ಬ ಹುಡುಗ ಪ್ರತಿ ಸಲ ಮನೆಯನ್ನೇ ಮಾಡುತ್ತಾನೆ, ಬಾಗಿಲಲ್ಲಿ ಇಬ್ಬರನ್ನು ನಿಲ್ಲಿಸುತ್ತಾನೆ. ನಾವು ಯಾಕೆ ಅಂತ ಕೇಳುವುದಿಲ್ಲ.

ಕುಂಬಾರ ಅಜ್ಜನಿಗೆ ಎಪ್ಪತ್ತು ದಾಟಿದೆ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬರುತ್ತಾರೆ. ಬಸ್ ಚಾರ್ಜ್ ಮತ್ತು ಮಧ್ಯಾಹ್ನದ ರೊಟ್ಟಿ ಬಿಟ್ಟು ಏನೂ ತೆಗೆದುಕೊಳ್ಳುವುದಿಲ್ಲ. ಮಳೆಯ ಮರುದಿನ ನಾವೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಜ್ಜ ಚಪ್ಪಲಿ ಬಿಟ್ಟು ಆ ಕೆಸರಿಗೆ ಇಳಿದರು. "ಮಣ್ಣ ಎಲ್ಲಿ ಹೋಗೇತ್ರಿ? ಇಲ್ಲೇ ಐತಲ್ಲ" ಎನ್ನುತ್ತಾ ತುಳಿಯಲು ಶುರು ಮಾಡಿದರು. ಮಕ್ಕಳೂ ಇಳಿದರು. ಆ ಮಣ್ಣು ಈಗ ಗೋಣಿಚೀಲ ಹೊದ್ದು ಮೂಲೆಯಲ್ಲಿ ಕಾಯುತ್ತಿದೆ.

ಹೆಮ್ಮೆ ಪಡುವುದಕ್ಕೂ ಇದೆ, ಹೇಳದಿದ್ದರೆ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. ಪ್ರತಿಭಾ ಕಾರಂಜಿಯ ಕ್ಲೇ ಮಾಡೆಲಿಂಗ್‌ನಲ್ಲಿ ಐದು ವರ್ಷ ತಾಲ್ಲೂಕಿಗೆ ಮೊದಲ ಬಹುಮಾನ ನಮ್ಮ ಮಕ್ಕಳದೇ. ನಡುವೆ ಒಂದು ವರ್ಷ ಎರಡನೆಯದು ಬಂತು. ಆ ತೀರ್ಪಿನ ಬಗ್ಗೆ ಈಗ ಮಾತು ಬೇಡ. ನಮ್ಮಲ್ಲಿ ಕಲಿತ ಒಬ್ಬ ಹುಡುಗ ಕಲ್ಲು ಕೆತ್ತನೆ ಕಲಿಯಲು ಕಾರ್ಕಳಕ್ಕೆ ಹೋಗಿದ್ದಾನೆ. ಇನ್ನೊಬ್ಬಳು ಅಂಗನವಾಡಿಯಲ್ಲಿದ್ದಾಳೆ, ಅಲ್ಲಿನ ಮಕ್ಕಳಿಗೆ ಉಂಡೆ, ಬತ್ತಿ, ರೊಟ್ಟಿ ಕಲಿಸುತ್ತಾಳೆ.

ಈಗ ವಿಷಯಕ್ಕೆ ಬರುತ್ತೇವೆ. ಹೊಸ ಕಬ್ಬಿಣದ ಪೈಪು, ಪತ್ರಾಸು, ವೆಲ್ಡಿಂಗ್, ಕೂಲಿ, ಒಂದು ಕಡೆ ಕುಸಿದ ಆವಿಗೆಯ ರಿಪೇರಿ ಎಲ್ಲ ಸೇರಿ ಮೂರು ಲಕ್ಷದ ಮೇಲೆ ಆಗುತ್ತದೆ, ಮೂರೂವರೆ ಅಂತ ಇಟ್ಟುಕೊಳ್ಳಿ. ನಮ್ಮ ಹತ್ತಿರ ಎಂಬತ್ತು ಸಾವಿರದ ಚಿಲ್ಲರೆ ಇದೆ. ಒಂದು ಪತ್ರಾಸು ಅಂತ ಕೊಡುವವರು ಸುಮಾರು ಎರಡು ಸಾವಿರ ಕೊಟ್ಟರೆ ಅದನ್ನು ಕೂರಿಸುವ ಖರ್ಚೂ ಬರುತ್ತದೆ. ಕಬ್ಬಿಣ, ಸಿಮೆಂಟ್ ವಸ್ತು ರೂಪದಲ್ಲಿ ಕೊಟ್ಟರೂ ಆಯಿತು. ಖಾತೆ ಹಳೆಯದೇ, ನಿಮ್ಮ ಕಳೆದ ರಸೀದಿಯ ಮೇಲೆ ನಂಬರ್ ಇದೆ.

ಕಾರ ಹುಣ್ಣಿಮೆಯ ಹೊತ್ತಿಗೆ ಪೈಪು ನಿಲ್ಲಬೇಕು. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮೊದಲೆಲ್ಲ ಆ ದಿನ ಪ್ರತಿ ಮನೆಯ ಕಟ್ಟೆಯ ಮೇಲೆ ಮಕ್ಕಳೇ ಎತ್ತು ಮಾಡುತ್ತಿದ್ದರು. ಈಗ ಸಂತೆಯಲ್ಲಿ ಬಣ್ಣ ಹಚ್ಚಿದ ಅಚ್ಚಿನ ಜೋಡಿ ತಂದು ಪೂಜೆ ಮುಗಿಸುವವರೇ ಜಾಸ್ತಿ. ನಮ್ಮಲ್ಲಿ ಮಾತ್ರ ಸುತ್ತಲಿನ ಹಳ್ಳಿಗಳ ಮಕ್ಕಳು ಬಂದು ತಮ್ಮ ಜೋಡಿ ತಾವೇ ಮಾಡಿಕೊಂಡು ಮನೆಗೆ ಒಯ್ಯುತ್ತಾರೆ. ಆಮೇಲೆ ಆಷಾಢದ ಮಂಗಳವಾರಗಳಿಗೆ ಗುಳ್ಳವ್ವನ ಮಣ್ಣಿನ ಮೂರ್ತಿ, ಭಾದ್ರಪದದಲ್ಲಿ ಜೋಕುಮಾರನದು. ಮೂರು ತಿಂಗಳು ಮಣ್ಣಿನ ಕೋಣೆಗೆ ಬಿಡುವಿಲ್ಲ, ಮಳೆಗೂ ಬಿಡುವಿಲ್ಲ.

ಅಮಾವಾಸ್ಯೆಯ ದಿನ ಮಕ್ಕಳನ್ನು ಕರೆದುಕೊಂಡು ನೀವೂ ಬನ್ನಿ. ಊಟ ಇಲ್ಲೇ. ಎಷ್ಟು ಜನ ಅಂತ ಹಿಂದಿನ ದಿನವೇ ತಿಳಿಸಿದರೆ ಅಡುಗೆ ಮಾಡುವ ತಾಯಂದಿರಿಗೆ ಅನುಕೂಲ.

ನಿಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು ಮತ್ತು ಮಕ್ಕಳು
ಬಾದಾಮಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ವಿ.ಸೂ.: ದಯವಿಟ್ಟು ಯಾರೂ ಹಳೆಯ ಪತ್ರಾಸು ಕಳಿಸಬೇಡಿ. ಈಗಾಗಲೇ ಇಬ್ಬರು ಫೋನ್ ಮಾಡಿದ್ದಾರೆ. ನಿಮ್ಮ ಪ್ರೀತಿ ದೊಡ್ಡದು, ಆದರೆ ಹಳೆಯದು ಹಾಕಿಯೇ ನಮಗೆ ಈ ಗತಿ ಬಂದದ್ದು.