ಹೆಂಚಿನ ಚಿತ್ರ ಮಾರಿ ತಗಡು ಹಾಕ್ಸೋಕಾಗಲ್ಲ ಸಾರ್: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ,

ಸಾರ್, ಚಿತ್ರದುರ್ಗದಲ್ಲಿ ಕೋಟೆ ಕೆಳಗೆ ಇರೋ ನಮ್ಮ ಹಳೇ ಸರ್ಕಾರಿ ಶಾಲೆ ಹೆಂಚಿನ ಸೂರು ತೆಗೆದು ತಗಡು ಹಾಕಿಸ್ಬೇಡಿ, ಇರೋದನ್ನೇ ರಿಪೇರಿ ಮಾಡ್ಸಿ ಅಂತ ಕೇಳೋಕೆ ಬರೀತಿದೀನಿ. ನಾನು ಅಲ್ಲೇ ಒಂದರಿಂದ ಏಳರವರೆಗೆ ಓದಿದೋನು, ಆಮೇಲೆ ದಾವಣಗೆರೆ ದೃಶ್ಯಕಲಾ ಕಾಲೇಜಿಗೆ ಹೋದೆ, 1964ರಲ್ಲಿ ಶುರುವಾದ ಕಾಲೇಜು ಅದು, ಆಗಿನ್ನೂ ದುರ್ಗ ದಾವಣಗೆರೆ ಒಂದೇ ಜಿಲ್ಲೆ. ಅಲ್ಲಿ ಪ್ರಿಂಟ್‌ಮೇಕಿಂಗ್ ಕಲ್ತೆ, ಈಗ ಡ್ರಾಯಿಂಗ್ ಮೇಷ್ಟ್ರು ಕೆಲಸ ಮಾಡ್ತೀನಿ. ನಿಮ್ಮನ್ನ ಎರಡು ಸಲ ಭೇಟಿ ಮಾಡೋಕೆ ಬಂದಿದ್ದೆ, ಎರಡು ಸಲನೂ ತುಂಬಾ ಜನ ಇದ್ರು, ಐದು ನಿಮಿಷದಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು. ಅದಕ್ಕೇ ಎಲ್ಲರೂ ಓದೋ ಹಂಗೆ ಬರೀತಿದೀನಿ, ಯಾಕಂದ್ರೆ ಇದರಲ್ಲಿ ದುಡ್ಡು ಕೊಟ್ಟಿರೋರು ಬಹಳ ಜನ ಅವ್ರೆ, ಅವರಿಗೂ ಗೊತ್ತಾಗ್ಬೇಕು.

ಹೋದ ವರ್ಷ ಆಷಾಢದ ಗಾಳಿಗೆ ಶಾಲೆ ಪಡಸಾಲೆ ಮೇಲಿನ ಹೆಂಚು ಸುಮಾರು ಕಿತ್ಕೊಂಡು ಹೋದ್ವು. ದುರ್ಗದ ಗಾಳಿ ನಿಮಗೆ ಹೇಳ್ಬೇಕಾ ಸಾರ್, ಸುತ್ತಲ ಗುಡ್ಡದ ಮೇಲೆಲ್ಲಾ ಗಾಳಿಯಂತ್ರ ಸುಮ್ನೆ ನಿಲ್ಸಿಲ್ಲ. ಒಂದು ಸಲ ಹೆಂಚು ಜರುಗಿದ್ರೆ ಸಾಕು, ನೀರು ರೀಪಿಗೆ, ಅಂದ್ರೆ ಹೆಂಚು ಕೂರೋ ಮರದ ಪಟ್ಟಿಗೆ, ಇಳಿಯುತ್ತೆ, ರೀಪು ಕೊಳೆತ್ರೆ ಪಕ್ಕದ ನಾಲ್ಕು ಹೆಂಚು ಕೂರ್ತವೆ, ಹಿಂಗೇ ಒಂದರ ಹಿಂದೆ ಒಂದು. ನಾಲ್ಕು ಮತ್ತು ಐದನೇ ಕ್ಲಾಸಿನ ಮಕ್ಕಳನ್ನ ಒಂದೇ ರೂಮಲ್ಲಿ ಕೂರಿಸ್ತಿದಾರೆ.

ಆಗ ನಾವು ಹಳೇ ವಿದ್ಯಾರ್ಥಿಗಳು ಒಂದಿಷ್ಟು ಜನ ಸೇರಿ ಚಂದಾ ಎತ್ತೋಣ ಅಂದ್ಕೊಂಡ್ವಿ. ಚಂದಾ ಬುಕ್ ಹಿಡ್ಕೊಂಡು ಅಂಗಡಿ ಅಂಗಡಿ ಹತ್ತಿದ್ರೆ ಜನ ಹತ್ತು ಇಪ್ಪತ್ತು ಕೊಟ್ಟು ಕಳಿಸ್ತಾರೆ, ಕೊಟ್ಟಿದ್ದು ಮರೀತಾರೆ. ನನಗೆ ಬರೋದು ಕೆತ್ತೋದು, ಹಂಗಾಗಿ ಶಾಲೆ ಚಿತ್ರನ ಲಿನೋ ಅನ್ನೋ ಮೆತ್ತನೆ ಶೀಟ್ ಮೇಲೆ ಕೆತ್ತಿ ಪ್ರಿಂಟ್ ತೆಗೆದು ಮಾರೋದು ಅಂತಾಯ್ತು. ಪ್ರಿಂಟ್ ಅಂದ ಕೂಡ್ಲೆ ಕಲರ್ ಜೆರಾಕ್ಸಾ ಅಂತ ಕೇಳೋರು, ಅಲ್ಲ. ಶೀಟನ್ನ ಸ್ವಲ್ಪ ಬಿಸಿಲಿಗಿಟ್ಟು ಮೆತ್ತಗೆ ಮಾಡ್ಕೊಂಡು ಉಳಿಯಲ್ಲಿ ಕೆತ್ತಬೇಕು, ಬಿಳಿ ಬರಬೇಕಾದ ಕಡೆಯೆಲ್ಲಾ ತೆಗೀಬೇಕು, ಎಲ್ಲಾ ಉಲ್ಟಾ ಕೆತ್ತಬೇಕು, ಬೋರ್ಡಿನ ಮೇಲಿನ ಕನ್ನಡ ಅಕ್ಷರ ಸಮೇತ. ಆಮೇಲೆ ರೋಲರಲ್ಲಿ ಇಂಕ್ ಸವರಿ, ಕಾಗದ ಇಟ್ಟು, ಚಮಚದ ಬೆನ್ನಲ್ಲಿ ಉಜ್ಜಿ ಉಜ್ಜಿ ಒಂದೊಂದಾಗಿ ತೆಗೆಯೋದು. ಏಳನೇ ಕ್ಲಾಸಿನ ಹುಡುಗ್ರು ಹುಡುಗೀರು ಶನಿವಾರ ಮಧ್ಯಾಹ್ನ ಬಂದು ಉಜ್ಜಿ ಕೊಟ್ಟವ್ರೆ, ಕೆಲವು ಪ್ರಿಂಟಿನ ಅಂಚಲ್ಲಿ ಅವರ ಬೆರಳಚ್ಚೂ ಐತೆ, ಅವನ್ನ ನಾನು ಅಳಿಸಿಲ್ಲ.

ಒಂದು ಚಿತ್ರಕ್ಕೆ 100 ಪ್ರಿಂಟ್ ಅಷ್ಟೇ. ಪ್ರತಿಯೊಂದರ ಕೆಳಗೂ ಪೆನ್ಸಿಲ್ಲಲ್ಲಿ ನಂಬರ್ ಹಾಕ್ತೀವಿ, ನೂರು ಮುಗಿದ ಮೇಲೆ ಬ್ಲಾಕ್ ಮೇಲೆ, ಅಂದ್ರೆ ಕೆತ್ತಿದ ಆ ಶೀಟ್ ಮೇಲೆ, ಅಡ್ಡಡ್ಡ ಗೀರು ಹಾಕಿ ಕ್ಯಾನ್ಸಲ್ ಮಾಡ್ತೀವಿ, ಆಮೇಲೆ ಬೇಕಂದ್ರೂ ನೂರಾ ಒಂದನೇದು ಬರಲ್ಲ. ಕೊಂಡೋರಿಗೆ ಕೊಡೋ ಮಾತು ಅದು.

ಮೊದಲು ಎರಡು ಚಿತ್ರ ಮಾಡಿದ್ವಿ, ಒಂದು ಪಡಸಾಲೆ ಕಂಬದ ಸಾಲು, ಇನ್ನೊಂದು ಬೇವಿನ ಮರಕ್ಕೆ ನೇತುಹಾಕಿರೋ ರೈಲು ಕಂಬಿ ತುಂಡು, ಅದೇ ನಮ್ಮ ಗಂಟೆ. ಒಂದಕ್ಕೆ 500 ರೂಪಾಯಿ. ಭಾನುವಾರ ಕೋಟೆಗೆ ಹೋಗೋ ರಸ್ತೆಲಿ ಟೇಬಲ್ ಹಾಕಿ ಮಾರಿದ್ವಿ, ಬೆಂಗಳೂರಿಂದ ಬಂದೋರು ಓಬವ್ವನ ಕಿಂಡಿ ನೋಡ್ಕೊಂಡು ಇಳಿಯೋ ಹೊತ್ತಿಗೆ ನಿಂತು ಕೇಳೋರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೂ ಹೋಗಿದ್ವಿ. ಅಲ್ಲಿ 500 ಯಾರು ಕೊಡ್ತಾರೆ ಅಂತ ನಮ್ಮಲ್ಲೇ ಕೆಲವರು ಬೇಡ ಅಂದಿದ್ರು. ಆದ್ರೆ ಸ್ವಾಮಿ ತೇರಿನ ಮುಕ್ತಿ ಬಾವುಟನ ಲಕ್ಷಗಟ್ಟಲೆ ಕೊಟ್ಟು ಹರಾಜಲ್ಲಿ ಹಿಡಿಯೋ ಜನ ಸಾರ್ ಅವರು, ಮಾಡಿದಷ್ಟು ನೀಡು ಭಿಕ್ಷೆ ಅಂದು ಆ ಸೀಮೆಲಿ ಕೆರೆ ಕಟ್ಟಿಸಿದ ಸ್ವಾಮಿಯ ಜಾತ್ರೆ ಅದು, ಶಾಲೆ ಸೂರಿಗೆ ಅಂದ ತಕ್ಷಣ ಅರ್ಥ ಆಯ್ತು ಅವರಿಗೆ. ಇಬ್ರು ಹೆಣ್ಮಕ್ಳು ದುಡ್ಡು ಹಾಕ್ಕೊಂಡು ಸೇರಿ ಒಂದು ತಗೊಂಡ್ರು, ಆರಾರು ತಿಂಗಳು ಒಬ್ಬೊಬ್ರ ಮನೇಲಿ ಇಟ್ಕೋತೀವಿ ಅಂತ.

ನಾನು ನಿಮಗೆ ಮುಖ್ಯವಾಗಿ ಹೇಳ್ಬೇಕಾಗಿರೋದು ಇನ್ನೊಬ್ರ ವಿಷಯ. ರಿಟೈರಾದ ಲಾರಿ ಡ್ರೈವರ್ ಒಬ್ರು, ನಮ್ಮ ಶಾಲೆಲೇ ಓದಿದೋರು, ವಯಸ್ಸು ಎಪ್ಪತ್ತರ ಮೇಲೆ. ಪಡಸಾಲೆ ಪ್ರಿಂಟ್ ಕೈಲಿ ಹಿಡ್ಕೊಂಡು ಬೆರಳಿಟ್ಟು ಕಂಬ ಎಣಿಸಿದ್ರು, "ಒಂದ್ ಕಂಬ ಕಮ್ಮಿ ಐತಲ್ಲಪ್ಪ" ಅಂದ್ರು. ಇಲ್ಲ ಯಜಮಾನ್ರೇ ಆರೇ ಇರೋದು, ನಾನು ನೋಡ್ಕೊಂಡೇ ಕೆತ್ತಿರೋದು ಅಂದೆ. ಏಳು, ನಾವು ಚಿಕ್ಕೋರಿದ್ದಾಗ ಆಡ್ತಿದ್ದ ಆಟದಲ್ಲಿ ಕೊನೇ ಕಂಬ ಮುಟ್ಟಿದೋನು ಗೆದ್ದಂಗೆ, ಏಳನೇದು ಅಂತ ಅವರೂ ಬಿಡ್ಲಿಲ್ಲ. ಸೋಮವಾರ ಹೋಗಿ ಹೆಡ್‌ಮಾಸ್ಟರ್ ಪರ್ಮಿಷನ್ ತಗೊಂಡು ಪಡಸಾಲೆ ಕೊನೇಲಿ ಸ್ಟೋರ್ ರೂಮಿನ ಗೋಡೆ ಬಡಿದು ನೋಡಿದ್ವಿ, ಒಂದು ಕಡೆ ಸದ್ದು ಬೇರೆ ಬಂತು. ಗಾರೆ ಸ್ವಲ್ಪ ಕೆರೆದ್ರೆ ಒಳಗೆ ಕಂಬ ಸಾರ್! ಯಾವಾಗಲೋ ರೂಮ್ ಮಾಡೋಕೆ ಗೋಡೆ ಎಬ್ಬಿಸ್ದಾಗ ಅದರೊಳಗೇ ಮುಚ್ಚಿಬಿಟ್ಟವ್ರೆ. ಮರ ಒಂಚೂರೂ ಹುಳ ಹಿಡಿದಿಲ್ಲ, ಬುಡದಲ್ಲಿ ಕಲ್ಲಿನ ಪೀಠ, ತಲೇಲಿ ಕೆತ್ತನೆ ಹಂಗೇ ಐತೆ. ನನಗೆ ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಮೂರನೇ ಬ್ಲಾಕ್ ಏಳು ಕಂಬದ್ದು ಕೆತ್ತಿದೆ, ಮೊದಲನೇ ನಂಬರ್ ಆ ಯಜಮಾನ್ರಿಗೇ ಕೊಟ್ವಿ, ದುಡ್ಡು ಬೇಡ ಅಂದ್ರೂ ಕೊಟ್ಟೇ ಹೋದ್ರು.

ಈಗ ವಿಷಯಕ್ಕೆ ಬರ್ತೀನಿ. 300ರಲ್ಲಿ 263 ಪ್ರಿಂಟ್ ಮಾರಿದೀವಿ, 1,31,500 ರೂಪಾಯಿ ಬಂತು. ಕಾಗದ, ಇಂಕು, ಲಿನೋ, ಕವರು ಎಲ್ಲಾ ಸೇರಿ 24,300 ಖರ್ಚು, ಬಾಕಿ 1,07,200 ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ, ಖಾತೇಲಿ ಐತೆ, ಪಾಸ್‌ಬುಕ್ಕು ರಸೀದಿ ಎಲ್ಲಾ ಶಾಲೆಲೇ ಇಟ್ಟಿದೀವಿ, ಯಾರು ಬೇಕಾದ್ರೂ ನೋಡ್ಬಹುದು. ಆದ್ರೆ ಈಗ ಒಂದು ಎಸ್ಟಿಮೇಟ್ ತಯಾರಾಗಿ ನಿಮ್ಮ ಸಹಿಗೆ ಬರ್ತಿದೆ ಅಂತ ಗೊತ್ತಾಯ್ತು. ಹೆಂಚು, ತೊಲೆ, ಕಂಬ ಎಲ್ಲಾ ತೆಗೆದು ಕಬ್ಬಿಣದ ಪೈಪ್ ನಿಲ್ಲಿಸಿ ತಗಡಿನ ಶೀಟ್ ಹಾಕೋದು, ಗೋಡೆಗೆ ಸಿಮೆಂಟ್ ಪ್ಲಾಸ್ಟರ್. ಮಾಡಿದೋರ ಮೇಲೆ ನನಗೆ ಸಿಟ್ಟಿಲ್ಲ, ಬೇಗ ಆಗ್ಲಿ, ಮಕ್ಕಳ ತಲೆ ಮೇಲೆ ಏನೂ ಬೀಳದಿರ್ಲಿ ಅಂತ ಮಾಡಿರ್ತಾರೆ. ಆದ್ರೆ ಅದು ತಪ್ಪು ಸಾರ್.

ಆ ಗೋಡೆ ಸುಣ್ಣದ ಗಾರೇದು. ಸುಣ್ಣ ತೇವ ಹೀರುತ್ತೆ, ಬಿಸಿಲಿಗೆ ಮತ್ತೆ ಹೊರಗೆ ಬಿಡುತ್ತೆ. ಮೇಲೆ ಸಿಮೆಂಟ್ ಬಳಿದ್ರೆ ಆ ತೇವಕ್ಕೆ ಹೋಗೋಕೆ ದಾರಿ ಇರಲ್ಲ, ಒಳಗೇ ಕೂತು ಉಪ್ಪೆಬ್ಬಿಸುತ್ತೆ, ನಾಲ್ಕು ವರ್ಷಕ್ಕೆ ಪ್ಲಾಸ್ಟರ್ ಹಪ್ಪಳದಂಗೆ ಏಳುತ್ತೆ, ಜೊತೆಗೆ ಹಳೇ ಗಾರೇನೂ ಕಿತ್ಕೊಂಡು ಬರುತ್ತೆ. ಆಫೀಸ್ ರೂಮಿನ ಹಿಂದಿನ ಗೋಡೆಗೆ ಹಿಂದೆ ಯಾವಾಗಲೋ ಸಿಮೆಂಟ್ ಮೆತ್ತವ್ರೆ, ಇಡೀ ಶಾಲೇಲಿ ಕೆಟ್ಟಿರೋ ಗೋಡೆ ಅದೊಂದೇ, ಬಂದು ನೋಡಿ. ಇನ್ನು ತಗಡು ಅಂದ್ರೆ ಏಪ್ರಿಲ್‌ನಲ್ಲಿ ದುರ್ಗದ ಬಿಸಿಲಿಗೆ ಅದರ ಕೆಳಗೆ ಎಳೇ ಮಕ್ಕಳು ಹೆಂಗೆ ಕೂರ್ತಾರೆ, ಮಳೆ ಬಂದ್ರೆ ಮೇಷ್ಟ್ರು ಹೇಳೋದು ಮೊದಲನೇ ಬೆಂಚಿಗೂ ಕೇಳಲ್ಲ.

ಹಳೇ ಮನೆ ಕೆಲಸ ಮಾಡೋ ಮೇಸ್ತ್ರಿ ಒಬ್ರನ್ನ ಕರ್ಕೊಂಡು ಬಂದು ತೋರಿಸಿದೀವಿ. ಸುಣ್ಣ ಅರಳಿಸಿ ವಾರಗಟ್ಟಲೆ ನೆನೆಸಿ, ಮರಳು, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲದ ನೀರು ಅಳಲೆಕಾಯಿ ನೀರು ಹಾಕಿ ಅರೆಯೋ ಗಾರೆ ಅವರಿಗೆ ಬರುತ್ತೆ, ಮಗನಿಗೂ ಕಲಿಸ್ತಿದಾರೆ. ತೊಲೆ ಮುಕ್ಕಾಲು ಪಾಲು ಗಟ್ಟಿ ಅವೆ, ರೀಪು ಹೊಸದು ಬೇಕು. ಹೆಂಚಿಗೂ ತೊಂದ್ರೆ ಇಲ್ಲ, ಹಳೇ ಮನೆ ಬಿಚ್ಚಿದ ಕಡೆ ಗಟ್ಟಿ ಮಂಗಳೂರು ಹೆಂಚು ಸಿಗ್ತವೆ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯೋರು ಮಂಗಳೂರಲ್ಲಿ 1865ರಲ್ಲಿ ಶುರು ಮಾಡಿದ ಹೆಂಚಿನ ಕೆಲಸ ಅದು, ಇವತ್ತಿಗೂ ಎಷ್ಟೋ ಮನೆ ಆ ಹೆಂಚಿನ ಕೆಳಗೇ ಅವೆ. ಪಡಸಾಲೆಗೂ ಎರಡು ರೂಮಿಗೂ ಸೇರಿ ಮೇಸ್ತ್ರಿ ಹೇಳಿದ್ದು 4,60,000. ನಮ್ಮದು ತೆಗೆದ್ರೆ ಬೇಕಾಗಿರೋದು ಮೂರೂವರೆ ಲಕ್ಷದ ಚೂರು ಮೇಲೆ. ನಿಮ್ಮ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದರಲ್ಲಿ ಇಷ್ಟು ಕೊಡಿ ಅಂತ ಕೇಳ್ತಿದೀನಿ.

ಕೋಟೆ ನೋಡ್ಕೊಳ್ಳೋಕೆ ಕೇಂದ್ರ ಪುರಾತತ್ವ ಇಲಾಖೆ ಐತೆ ಸಾರ್, ಅಲ್ಲಿ ಒಂದು ಕಲ್ಲು ಜರುಗಿಸೋಕೂ ಪರ್ಮಿಷನ್ ಬೇಕು. ನಮ್ಮ ಶಾಲೆ ಅಂಥ ಯಾವ ಪಟ್ಟೀಲೂ ಇಲ್ಲ, ಅದಕ್ಕಿರೋದು ನೀವು, ಎಸ್‌ಡಿಎಂಸಿ, ಈ 263 ಪ್ರಿಂಟ್ ಕೊಂಡಿರೋರು. ಅವರೆಲ್ಲಾ ಗೋಡೆಗೆ ಹಾಕ್ಕೊಂಡಿರೋದು ಹೆಂಚಿನ ಸೂರು, ಮರದ ಕಂಬ ಇರೋ ಚಿತ್ರ. ಇದನ್ನ ಉಳಿಸ್ತೀವಿ ಅಂತ ಹೇಳಿ ನಾನು ಅವರ ಕೈಯಿಂದ ದುಡ್ಡು ಇಸ್ಕೊಂಡಿದೀನಿ. ಅದೇ ದುಡ್ಡು ಕಂಬ ಕೀಳೋ ಕೆಲಸಕ್ಕೆ ಹೋದ್ರೆ ನಾನು ಆ ಲಾರಿ ಡ್ರೈವರ್ ಯಜಮಾನ್ರಿಗೆ ಏನಂತ ಹೇಳ್ಲಿ, ಜಾತ್ರೇಲಿ ತಗೊಂಡ ಆ ಇಬ್ರು ಹೆಣ್ಮಕ್ಳಿಗೆ ಏನಂತ ಹೇಳ್ಲಿ.

ಆ ಎಸ್ಟಿಮೇಟಿಗೆ ಸಹಿ ಹಾಕೋ ಮುಂಚೆ ವಾಪಸ್ ಕಳಿಸಿ, ಹೆಂಚು ಮತ್ತು ಸುಣ್ಣದ ಗಾರೆಗೇ ಹೊಸದಾಗಿ ಮಾಡ್ಸಿ. ಕೆಲಸ ಬೇಸಿಗೆ ರಜೇಲಿ ಮುಗೀಬೇಕು, ಸುಣ್ಣ ನೆನೆಯೋಕೆ ಟೈಮ್ ಬೇಕಾದ್ರಿಂದ ಈಗ್ಲೇ ಹೇಳ್ಬೇಕು. ಏಳನೇ ಕಂಬನ ಗೋಡೆಯಿಂದ ಬಿಡಿಸೋಕೂ ಅದರಲ್ಲೇ ಒಂದು ಸಾಲು ಸೇರಿಸ್ಬಿಡಿ.

ಏಳು ಕಂಬದ ಬ್ಲಾಕ್ ಇನ್ನೂ ಕ್ಯಾನ್ಸಲ್ ಮಾಡಿಲ್ಲ, ಉಳಿದಿರೋ 37 ಪ್ರಿಂಟೂ ಅದರವೇ, ಎಲ್ಲಾ ಶಾಲೆ ಬೀರೂಲಿ ಅವೆ. ಶನಿವಾರ ಬೆಳಗ್ಗೆ ಕ್ಲಾಸು, ಹನ್ನೊಂದೂವರೆಗೆಲ್ಲಾ ಮಕ್ಕಳು ಮನೆಗೆ ಹೋಗ್ತಾರೆ, ಆಮೇಲೆ ನಾನು ಮೇಸ್ತ್ರಿ ಇಬ್ರೂ ಅಲ್ಲೇ ಇರ್ತೀವಿ. ಯಾವ ಶನಿವಾರ ಬಂದ್ರೂ ಸರಿ ಸಾರ್, ಕಂಬ ಕಾಣೋ ಜಾಗ ಕೆರೆದು ಹಂಗೇ ಬಿಟ್ಟಿದೀವಿ, ಕೈಯಿಟ್ಟು ನೋಡ್ಬಹುದು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಡ್ರಾಯಿಂಗ್ ಮೇಷ್ಟ್ರು
ಚಿತ್ರದುರ್ಗ