ಕೈಬರಹ ಅಭ್ಯಾಸದ ಆ್ಯಪ್‌ನ ಹೊಸ ಆವೃತ್ತಿಯ ದೋಷಗಳ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಅಂಗೈ ಸ್ಪರ್ಶದ ದೋಷ, ಸಮಯದ ಮಿತಿ ಹಾಗೂ ಕಾಣೆಯಾದ ಬರವಣಿಗೆಯ ದಾಖಲೆಗಳ ಕುರಿತು.

ಡಿಸ್‌ಗ್ರಾಫಿಯಾ (ಬರೆಯುವುದೇ ಕಷ್ಟವಾಗುವ ಕಲಿಕೆಯ ತೊಂದರೆ) ಇದೆಯೆಂದು ತಜ್ಞರು ಗುರುತಿಸಿರುವ ನನ್ನ 9 ವರ್ಷದ ಮಗಳಿಗಾಗಿ ನಿಮ್ಮ ಆ್ಯಪ್‌ಗೆ ವಾರ್ಷಿಕ ಚಂದಾ ಕಟ್ಟಿದ್ದೇನೆ. ಮೊದಲ 5 ತಿಂಗಳು ಅದರಿಂದ ನಿಜಕ್ಕೂ ಉಪಯೋಗವಾಯಿತು. ಹೊಸ ಆವೃತ್ತಿ ಬಂದ ಮೇಲೆ ಅದೇ ಆ್ಯಪ್ ಅವಳ ಕೈಯನ್ನು ಕೆಡಿಸುತ್ತಿದೆ ಎಂದು ಬಹಳ ನೋವಿನಿಂದ ಬರೆಯುತ್ತಿದ್ದೇನೆ.

ಬರೆಯುವಾಗ ಅಂಗೈಯ ಅಂಚನ್ನು ಊರಿದ್ದರೆ ಬೆರಳುಗಳ ಸಣ್ಣ ಚಲನೆಗೆ ಆಧಾರ ಸಿಗುತ್ತದೆ. ಹಿಂದಿನ ಆವೃತ್ತಿಯು ಪರದೆಗೆ ತಾಗಿದ ಅಂಗೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸ್ಟೈಲಸ್‌ನ (ಪರದೆಯ ಮೇಲೆ ಬರೆಯುವ ಪೆನ್ನಿನ) ತುದಿಯನ್ನಷ್ಟೇ ಗುರುತಿಸುತ್ತಿತ್ತು. ಈಗ ಕೈ ಊರಿದ ಕಡೆಯೆಲ್ಲ ಗೆರೆ ಮೂಡಿ, ಬರೆದದ್ದು ತಪ್ಪೆಂದು ಅಕ್ಷರ ಕೆಂಪಾಗುತ್ತದೆ. ಇದಕ್ಕೆ ಮಗಳು ತಾನೇ ಒಂದು ಉಪಾಯ ಕಂಡುಕೊಂಡು, ಮಣಿಕಟ್ಟನ್ನು ಪರದೆಯಿಂದ ಮೇಲೆತ್ತಿ, ಭುಜದಿಂದ ಇಡೀ ತೋಳನ್ನೇ ಆಡಿಸುತ್ತಾ ಬರೆಯತೊಡಗಿದಳು. 3 ವಾರ ಕಳೆಯುವಷ್ಟರಲ್ಲಿ ಶಾಲೆಯ ನೋಟ್‌ಬುಕ್ಕಿನಲ್ಲೂ ಅವಳ ಕೈ ಹಾಗೆಯೇ ಗಾಳಿಯಲ್ಲಿ ನಿಲ್ಲುತ್ತಿದೆ, ಎರಡು ಸಾಲು ಬರೆಯುವಷ್ಟರಲ್ಲೇ ತೋಳು ನೋಯುತ್ತದೆ ಎನ್ನುತ್ತಾಳೆ. ಬರವಣಿಗೆಯಂಥ ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಬಿಡಿಸಿದ್ದ ಅಭ್ಯಾಸವೇ ಇದು.

ಇದರ ಜೊತೆಗೆ ಈಗ ಪ್ರತಿ ಅಕ್ಷರಕ್ಕೂ ಸಮಯದ ಮಿತಿ ಇಟ್ಟಿದ್ದೀರಿ, ಅದನ್ನು ನಿಲ್ಲಿಸುವ ಆಯ್ಕೆಯೂ ಇಲ್ಲ. ಮೊನ್ನೆ ಅವಳು ‘ಕ’ ಅಕ್ಷರವನ್ನು ಕೆಳಗಿನಿಂದ ಮೇಲಕ್ಕೆ, ಮೂರು ತುಂಡುಗಳಾಗಿ ಗೀಚಿದಳು. ಆಕಾರ ಹೊಂದಿದ್ದರಿಂದ ಆ್ಯಪ್ ಮೂರು ನಕ್ಷತ್ರ ಕೊಟ್ಟಿತು. ಆಮೇಲೆ ‘ಷ್ಟ’ ಬರೆಯುವಾಗ ಸರಿಯಾದ ಕ್ರಮದಲ್ಲಿ, ಜೋಪಾನವಾಗಿ ಒತ್ತನ್ನು ಎಳೆಯುತ್ತಿದ್ದಂತೆಯೇ ಸಮಯ ಮುಗಿದು ಸೊನ್ನೆ ಬಂತು. ಅವಳು ಏನೂ ಹೇಳದೆ ಸ್ಟೈಲಸ್ ಕೆಳಗಿಟ್ಟು ಎದ್ದು ಹೋದಳು.

ಕಾಗದದ ಮೇಲೆ ಉಳಿಯುವುದು ಬರೆದು ಮುಗಿದ ಅಕ್ಷರ. ಅದು ಹೇಗೆ ಮೂಡಿತು, ಯಾವ ಗೆರೆ ಮೊದಲು ಬಂತು, ಕೈ ಎಷ್ಟು ಒತ್ತಿತು, ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ತಡೆಯಿತು ಎಂಬುದನ್ನೆಲ್ಲ ಒತ್ತಡ ಗ್ರಹಿಸುವ ಸ್ಟೈಲಸ್ ಇರುವ ಟ್ಯಾಬ್ಲೆಟ್ ದಾಖಲಿಸಬಲ್ಲದು ಎಂಬ ಕಾರಣಕ್ಕೇ ನಾನು ಇದನ್ನು ಆರಿಸಿಕೊಂಡೆ. ಹಳೆಯ ವರದಿಗಳಲ್ಲಿ ಒತ್ತಕ್ಷರಕ್ಕೆ ಮುಂಚೆ ಅವಳ ಕೈ ತಡವರಿಸುವುದನ್ನು ಕಂಡು ಥೆರಪಿಸ್ಟ್ ಅಭ್ಯಾಸವನ್ನೇ ಬದಲಿಸಿದ್ದರು. ಆ ವರದಿಗಳೆಲ್ಲ ಈಗ ಖಾತೆಯಿಂದ ಮಾಯವಾಗಿವೆ.

ಎರಡು ಬಾರಿ ದೂರು ಕೊಟ್ಟಾಗಲೂ ಬೆರಳಿನಿಂದ ಬರೆಸಿ ನೋಡಿ ಎಂಬ ಉತ್ತರವೇ ಬಂತು. ಪೆನ್ಸಿಲ್ ಹಿಡಿಯಲು ಕಷ್ಟಪಡುವ ಮಗುವಿಗೆ ಬೆರಳಿನಿಂದ ಅಕ್ಷರದ ದಾರಿ ತಿಳಿಯಬಹುದು, ಆದರೆ ಪೆನ್ಸಿಲಿನ ಹಿಡಿತ ಅದರಿಂದ ಬರುವುದಿಲ್ಲ.

ಆದ್ದರಿಂದ ಅಂಗೈ ಸ್ಪರ್ಶವನ್ನು ತಡೆಯುವ ವ್ಯವಸ್ಥೆಯನ್ನು ಕೂಡಲೇ ಸರಿಪಡಿಸಿ, ಸಮಯದ ಮಿತಿಯನ್ನು ಪೋಷಕರು ತೆಗೆದುಹಾಕಲು ಅವಕಾಶ ಕೊಟ್ಟು, ಮಗಳ ಹಳೆಯ ದಾಖಲೆಗಳನ್ನು ಥೆರಪಿಸ್ಟ್‌ಗೆ ಕಳುಹಿಸಬಹುದಾದ ರೂಪದಲ್ಲಿ ಮರಳಿಸಬೇಕೆಂದು ಕೋರುತ್ತೇನೆ. ದುರಸ್ತಿಯಾಗುವವರೆಗೆ ಹಿಂದಿನ ಆವೃತ್ತಿಯನ್ನೇ ಬಳಸಲು ಬಿಡಿ. ಅದೂ ಆಗದಿದ್ದರೆ ಉಳಿದ ಅವಧಿಯ ಚಂದಾ ಹಣವನ್ನು ಹಿಂದಿರುಗಿಸಿ. 15 ದಿನಗಳೊಳಗೆ ತಮ್ಮ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ,
ತಮ್ಮ ಚಂದಾದಾರರಲ್ಲಿ ಒಬ್ಬ ತಾಯಿ